ಸಾರಿ ಅನ್ನುವುದಿಲ್ಲ

ಮಾರ್ಚ್ ೧೨, ಗುರುವಾರ.

ನಾನು ಕ್ಷಮೆ ಕೇಳಬೇಕಂತೆ. ಯಾಕೆ ಕೇಳಲಿ?

ಬೆಳಿಗ್ಗೆ ಡೇಟಾಬೇಸ್ ತೆರೆಯುವ ಸಾಫ್ಟ್‌ವೇರ್ ಅಪ್‌ಡೇಟ್ ಆದದ್ದೇ ತಡ, ನಮ್ಮ ಆಸ್ಪತ್ರೆಯ ರೋಗಿಗಳ ದಾಖಲೆಯೆಲ್ಲ ಖಾಲಿ ಕಾಣಿಸಿತು. "ಎಲ್ಲಾ ಹೋಯ್ತು. ಇದನ್ನ ಅಳಿಸಿ, ಹೋದ ತಿಂಗಳ ಬ್ಯಾಕಪ್ ಹಾಕಿ," ಎಂದರು ಮ್ಯಾನೇಜರ್. ಹಾಗೆ ಮಾಡಿದ್ದರೆ ಈ ತಿಂಗಳು ಸೇರಿದವರ ಔಷಧಿಯ ವಿವರವೊಂದೂ ಡಾಕ್ಟರ ಕೈಗೆ ಸಿಗುತ್ತಿರಲಿಲ್ಲ. ತಾವೇ ಕೀಬೋರ್ಡಿಗೆ ಕೈ ಹಾಕಲು ಬಂದವರನ್ನು ತಡೆದೆ.

"ಕಾಣದಿರೋದು ಬೇರೆ, ಇಲ್ಲದಿರೋದು ಬೇರೆ, ಸರ್. ಸ್ವಲ್ಪ ಸುಮ್ನಿರಿ," ಎಂದು ಎಲ್ಲರೆದುರೇ ಗದರಿಬಿಟ್ಟೆ.

ನೋಡಿದರೆ, ಆ ಸಾಫ್ಟ್‌ವೇರ್ ಯಾವುದೋ ಹೊಸ ಖಾಲಿ ಡೇಟಾಬೇಸಿಗೆ ಕನೆಕ್ಟ್ ಆಗಿತ್ತು. ನಮ್ಮ ದಾಖಲೆಗಳಿರುವ ಹಳೆಯ ಸರ್ವರಿನ ವಿಳಾಸ ಕೊಟ್ಟೆ. ಅಷ್ಟೂ ದಾಖಲೆ ಬಂತು. ಮ್ಯಾನೇಜರಿಗೆ ಮಾತ್ರ ನನ್ನ ದನಿಯೊಂದೇ ನೆನಪಿದೆ.

"ಒಂದ್ಸಲ ಸಾರಿ ಅಂದ್ಬಿಡಕ್ಕ, ನಿನ್ನ ಗಂಟೇನು ಹೋಗತ್ತೆ?" ಎನ್ನುತ್ತಾಳೆ ತಂಗಿ.

ಸಾರಿ ಅಂದರೆ, ಇನ್ನೊಮ್ಮೆ ಅವರು ಕೈ ಚಾಚಿದಾಗ ನಾನು ಪಕ್ಕಕ್ಕೆ ಸರಿಯಬೇಕಾಗುತ್ತದೆ. ಸರಿಯುವವಳಲ್ಲ. ನಿದ್ದೆಗೆ ಕಣ್ಣು ಎಳೆಯುತ್ತಿದೆ, ಪೆನ್ನು ಜಾರುತ್ತಿದೆ. ನಾಳೆ ಕರೆದರೆ ಹೋಗುತ್ತೇನೆ, ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತೇನೆ, ಆದರೆ ಸಾರಿ ಮಾತ್ರ…