ಒಣ ಪರೀಕ್ಷೆ

೧೧ ಜೂನ್ ೧೯೬೨, ಕಲ್ಲೋಳಿ

ಗೋಕಾಕದ ಗೋದಾಮಿನಿಂದ ನೂರು ಗಜದ ಕೇಬಲ್ ಸುರುಳಿ ಬಂತು. ರಬ್ಬರ್ ಅಲ್ಲ, ಪಿ.ವಿ.ಸಿ. — ನುಣುಪು, ಬೂದುಬಣ್ಣ. ವಾಯರಮನ್ ಲಗಮಪ್ಪ ಬಸ್ಸಿನಿಂದ ಇಳಿಸಿ ಹೆಗಲ ಮೇಲೆ ಹೊತ್ತು ತಂದ. ಕರೆಂಟಿನ ಸೋರಿಕೆ ಅಳೆಯುವ ಮೆಗ್ಗರ್ ತಿರುಗಿಸಿದೆ. ಮುಳ್ಳು ಅನಂತದಲ್ಲಿ ನಿಂತಿತು, ಎಂದರೆ ಸೋರಿಕೆಯಿಲ್ಲ; ಸೊನ್ನೆಗೆ ಬಿದ್ದರೆ ಕೇಬಲ್ ಕೆಟ್ಟಿದೆ. ಒಣಗಿದ್ದಾಗ ಯಾವ ಪ್ಲಾಸ್ಟಿಕ್ಕೂ ಒಳ್ಳೆಯದೇ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ನೀರಿನಲ್ಲಿ ಮಾತ್ರ ತಿಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆ ಮುಳುಗಿಸಿ ಮತ್ತೆ ಅಳೆಯುವುದು ಕ್ರಮ. ನಾಳೆ, ಸೋಮಪ್ಪನವರ ಬಾವಿಯಲ್ಲಿ. ಈ ಕೇಬಲ್ ಜೋಡಿಸಬೇಕಾದ ಪಂಪೂ ಅವರದೇ.

೧೨ ಜೂನ್

ಮುಳುಗಿಸಲಾಗಲಿಲ್ಲ. ಕುಡಿಯುವ ನೀರೆಂದು ಸೋಮಪ್ಪನವರು ತಡೆದರು. “ವಾಯರಿನ ತಕರಾರಲ್ರಿ, ಸಾಹೇಬ್ರ. ಅಂವ ಹೊತ್ತು ತಂದಾನ. ನೀವೂ ನಮ್ಮವರ, ನಿಮಗ ಬಿಡಿಸಿ ಹೇಳಬೇಕೇನ್ರಿ?”

ಹೇಳಬೇಕಿರಲಿಲ್ಲ. ಅವರ ಎದೆಯ ಮೇಲಿರುವ ಲಿಂಗವೇ ನನ್ನ ಎದೆಯ ಮೇಲೂ ಇದೆ. ಸುರುಳಿಯನ್ನು ಬಾವಿಯಿಂದ ದೂರ ಇಡಿಸಿದೆ.

ಲಗಮಪ್ಪ ಬೀಡಿ ಆರಿಸಿ ನಕ್ಕ. “ನಾ ಜೋಡಿಸಿದ ವಾಯರ್ ಎತ್ತಿದ ನೀರು ನಡೀತೈತಿ, ನಾ ಹೊತ್ತ ವಾಯರ್ ಬಿದ್ದ ನೀರು ನಡ್ಯಾಂಗಿಲ್ಲ. ಇದನ್ನ ನಿಮ್ಮ ಮೆಗ್ಗರ್ ತೋರಸತೈತೇನ್ರಿ?”

ಗೋದಾಮಿನಲ್ಲಿ ಸುರುಳಿ ಮುಳುಗುವಷ್ಟು ದೊಡ್ಡ ಪೀಪಾಯಿ ಇದೆ. ತರಿಸಲು ಎರಡು ದಿನ. ತರಿಸಲಿಲ್ಲ.

೧೪ ಜೂನ್

ಒಣ ಪರೀಕ್ಷೆಯ ಮೇಲೆಯೇ ಸಹಿ ಹಾಕಿದೆ. ಕೇಬಲ್ಲನ್ನು ಬಾವಿಯ ದಂಡೆಗುಂಟ ಹಾಸಲಾಯಿತು. ಪಂಪ್ ಚಾಲೂ. ಸೋಮಪ್ಪನವರು ಪೇಢೆ ಹಂಚಿದರು. ಲಗಮಪ್ಪನ ಪಾಲನ್ನು ಕಲ್ಲಿನ ಮೇಲೆ ಇಟ್ಟರು.

೯ ಜುಲೈ

ಐದು ದಿನದಿಂದ ಮಳೆ. ಪಂಪು ಗುಂಯ್‌ಗುಡುತ್ತದೆ, ನೀರೆತ್ತುತ್ತಿಲ್ಲ ಎಂದು ಸೋಮಪ್ಪನವರು ಹೇಳಿ ಕಳಿಸಿದರು. ಲಗಮಪ್ಪನನ್ನು ಕಳಿಸಿದೆ. ಮೇನ್ ಸ್ವಿಚ್ ಆರಿಸಲೆಂದೇ ಹೋಗುತ್ತಿದ್ದನಂತೆ. ಕೇಬಲ್ ಸರಿದು ಹಾದಿಗೆ ಅಡ್ಡ ಬಿದ್ದಿತ್ತು. ಬದಿಗಿಡಲು ಎತ್ತಿದ... ಅಲ್ಲಿಯೇ ಹೋದ. ಹನ್ನೊಂದೂಕಾಲು.

೧೧ ಜುಲೈ

ಅವನು ಹಿಡಿದಿದ್ದ ತುಂಡನ್ನು ಕತ್ತರಿಸಿ ಬಕೆಟ್ಟಿನಲ್ಲಿ ಮುಳುಗಿಸಿದ್ದೆ. ಇಪ್ಪತ್ತನಾಲ್ಕು ಗಂಟೆ ತುಂಬಿತು. ಮುಳ್ಳು ಸೊನ್ನೆ.

೧೬ ಜುಲೈ, ಗೋಕಾಕ

ನಮ್ಮ ಗುತ್ತಿಗೆದಾರರಿಗೆ ವರದಿ ಬೇಕು. ‘ಮೃತನ ಅಜಾಗರೂಕತೆ’ ಎಂದು ಬರೆದರೆ ಮುಗಿಯಿತು ಎನ್ನುತ್ತಾರೆ. ಲಗಮಪ್ಪನ ಹೆಂಡತಿ ಕೆಂಪವ್ವ ಸಂಜೆ ಬಂದಳು. ಒಳಗೆ ಕರೆದೆ, ಹೊಸ್ತಿಲು ದಾಟಲಿಲ್ಲ.

“ತಪ್ಪು ನಮ್ಮ ಮನಿಯವರದ ಅಂತ ಹೇಳಾಕತ್ತಾರ್ರಿ ಎಲ್ಲಾರೂ. ಹನ್ನೆರಡು ವರ್ಷ ನಿಮ್ಮ ಕೈಯಾಗ ದುಡದಾರ. ಖರೆ ಏನೈತಿ, ಅಷ್ಟ ಬರೀರಿ.”

ನಾಳೆ ಬರೆಯುತ್ತೇನೆ ಎಂದೆ.

೧೭ ಜುಲೈ

ಕಲಂ ಏಳು: ನೀರಿನ ಪರೀಕ್ಷೆ ನಡೆಸದಿರಲು ಕಾರಣ.

‘ನೀರು ಲಭ್ಯವಿರಲಿಲ್ಲ’ ಎಂದು ಬರೆದೆ. ಹೊಡೆದು ಹಾಕಿದೆ. ‘ಬಾವಿಯ ಮಾಲೀಕರು ಒಪ್ಪಲಿಲ್ಲ.’ ಅದನ್ನೂ ಹೊಡೆದು ಹಾಕಿದೆ. ಪೀಪಾಯಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಎರಡು ದಿನ ಕಾಯಬೇಕಿತ್ತು, ಅಷ್ಟೇ. ಕಾದಿದ್ದರೆ, ಏಕೆಂದು ಸೋಮಪ್ಪನವರು ಕೇಳುತ್ತಿದ್ದರು. ಅವನು ಮುಟ್ಟಿದ್ದನ್ನು ನಿಮ್ಮ ಬಾವಿಗೆ ಬಿಡಲಿಲ್ಲವಲ್ಲ, ಅದಕ್ಕೇ ಎಂದು ಅವರ ಮುಖಕ್ಕೇ ಹೇಳಬೇಕಾಗುತ್ತಿತ್ತು. ಆ ಮಾತು ತಪ್ಪಿಸಲೆಂದೇ ನಾನು —