ದಿನಾರ್ ಮುನ್ನೂರಾದಾಗ

ಮೂರ್ನಾಡು
28-12-2025

ನನ್ನ ರಂಜಿತಾ,

ಅಮ್ಮನ ಮಂಡಿನೋವು ಒಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ದಿನಾ ಫೋನಿನಲ್ಲಿ ಮುಖ ನೋಡುವಾಗ ಈ ಮನುಷ್ಯನಿಗೆ ಕಾಗದ ಬರೆಯುವ ಹುಚ್ಚೇಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾವು ಮಾತಾಡುವುದು ಗೊತ್ತೇ ಇದೆಯಲ್ಲ. ಊಟ ಆಯ್ತಾ, ಅಮೃತಾ ಓದಿದಳಾ, ಇವತ್ತು ರೇಟ್ ಎಷ್ಟು. ಅಷ್ಟರಲ್ಲಿ ನಿನ್ನ ಡ್ಯೂಟಿಗೆ ಹೊತ್ತಾಗುತ್ತದೆ. ನಿನ್ನ ಆಸ್ಪತ್ರೆಯ ಅನುಶ್ರೀ ರಜೆಗೆಂದು ಸಿದ್ದಾಪುರಕ್ಕೆ ಬಂದವಳು ನಾಡಿದ್ದು ಕುವೈತಿಗೆ ಹೊರಟಿದ್ದಾಳೆ. ಕಾಫಿಪುಡಿ, ಕರಿಮೆಣಸಿನ ಜೊತೆ ಇದನ್ನೂ ಅವಳ ಕೈಯಲ್ಲಿ ಕೊಡುತ್ತೇನೆ.

ಹೋದ ವಾರ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿಯವರಿಗೆ ವಿದೇಶಿ ವಿನಿಮಯದ ಪಾಠ ಮಾಡಿದೆ. ಪುಸ್ತಕದಲ್ಲಿ ಡಾಲರಿನ ಉದಾಹರಣೆ ಇದೆ. ಡಾಲರಿನಿಂದ ನನಗೆ ಆಗಬೇಕಾದ್ದೇನೂ ಇಲ್ಲ, ಅದಕ್ಕೇ ದಿನಾರನ್ನು ತೆಗೆದುಕೊಂಡೆ. ಮೇಷ್ಟ್ರ ಕೈಗೆ ಸಿಕ್ಕಿದ್ದೀಯ, ನೀನೂ ಸ್ವಲ್ಪ ಕೇಳು. ನೀನು ಸಂಬಳ ತೆಗೆದುಕೊಳ್ಳುವ ಆ ದೇಶದಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಅಲ್ಲಿ ದುಡಿದ ನೋಟನ್ನೇ ತಂದು ಇಲ್ಲಿ ಅಕ್ಕಿ ಕೊಳ್ಳಬಹುದಿತ್ತು. ಆ ದಾರಿಯಲ್ಲಿ ಚಿನ್ನದ ಕಳ್ಳಸಾಗಣೆ ಹೆಚ್ಚಾಯಿತೆಂದು 1959ರಲ್ಲಿ ನಮ್ಮವರೇ ಕೊಲ್ಲಿ ದೇಶಗಳಿಗೆಂದು ಬೇರೆ ಬಣ್ಣದ ರೂಪಾಯಿ ಅಚ್ಚು ಹಾಕಿಸಿದರು. ಎರಡು ವರ್ಷ ಕಳೆದು ಕುವೈತಿನವರು ತಮ್ಮದೇ ದಿನಾರ್ ತಂದರು. ಆಗ ಒಂದು ದಿನಾರಿಗೆ ಹದಿಮೂರು ರೂಪಾಯಿ ಚಿಲ್ಲರೆ. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಇಪ್ಪತ್ತೊಂದು. ನೀನು ವಿಮಾನ ಹತ್ತಿದ 2019ರಲ್ಲಿ ಇನ್ನೂರ ಮೂವತ್ತರ ಹತ್ತಿರ. ಈಗ ಇನ್ನೂರ ತೊಂಬತ್ತೆರಡು.

ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ತಿರುಗಿದರೆ ಬೊಳ್ಳಮ್ಮ ಎಂಬ ಹುಡುಗಿ ಎದ್ದು ನಿಂತಿದ್ದಳು. "ಅದು ಏರ್ತಾನೇ ಇದ್ರೆ, ಅಲ್ಲಿಗೆ ಹೋದವ್ರು ಊರಿಗೆ ಬರೋದು ಯಾವಾಗ ಸಾರ್?" ಎಂದಳು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಬೋರ್ಡ್ ಒರೆಸಿದೆ.

ಮನೆಗೆ ಬಂದು ಅವಳ ಪ್ರಶ್ನೆಗೆ ಉತ್ತರ ಹುಡುಕಿದೆ. 2007ರಲ್ಲಿ ದಿನಾರ್ ನೂರೈವತ್ತರ ಕೆಳಗೆ ಇಳಿದದ್ದುಂಟು. ಆದರೆ ಇಳಿದಾಗ ಬಂದರೆ ನಷ್ಟ ಎಂದು ಜನ ಕಾಯುತ್ತಾರೆ, ಏರುವಾಗ ಇನ್ನಷ್ಟು ಏರಲಿ ಎಂದು ಕಾಯುತ್ತಾರೆ. 1990ರಲ್ಲಿ ಇರಾಕಿನ ಸೈನ್ಯ ನುಗ್ಗಿ ದಿನಾರನ್ನೇ ರದ್ದು ಮಾಡಿದಾಗ ಮಾತ್ರ ನಮ್ಮವರು ರೇಟ್ ಕೇಳದೆ ಊರಿಗೆ ಓಡಿ ಬಂದರು. ಅಂಥ ಯುದ್ಧ ಮತ್ತೆ ಬರಲಿ ಎಂದು ನಾನು ಹೇಗೆ ಬಯಸಲಿ? ಇಷ್ಟು ವರ್ಷಗಳ ಚರಿತ್ರೆಯನ್ನು ತಿರುವಿ ಹಾಕಿದರೂ ನೀನು ಮನೆಗೆ ಬರುವಂಥ ಒಂದು ವರ್ಷ ನನಗೆ ಕಾಣಲಿಲ್ಲ.

ನೀನು ಹೋಗುವಾಗ, ಇನ್ನೂರೈವತ್ತು ಮುಟ್ಟಲಿ, ಮನೆ ಸಾಲ ತೀರಿಸಿ ಬರುತ್ತೇನೆ ಎಂದಿದ್ದೆ. ಮುಟ್ಟಿತು, ಸಾಲವೂ ತೀರಿತು. ಆಮೇಲೆ ಮಹಡಿಗೆಂದು ಇನ್ನೂರ ಎಪ್ಪತ್ತೈದು ಎಂದೆ. ಮಹಡಿ ಎದ್ದಿತು. ಈಗ ಮುನ್ನೂರು ಎನ್ನುತ್ತಿದ್ದೀಯ, ಯಾವುದಕ್ಕೆಂದು ನೀನೂ ಹೇಳಿಲ್ಲ, ನಾನೂ ಕೇಳಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಕ್ಕಪಕ್ಕದ ಮನೆಗಳಿಗೆ ಕೇಳುವಂತೆ ನಿನ್ನನ್ನು ಬೈಯುತ್ತಿದ್ದ ಅಮ್ಮ ಈಗ ಬಂದವರನ್ನೆಲ್ಲ ಮೇಲೆ ಹತ್ತಿಸಿ "ನನ್ ಸೊಸೆ ಕಟ್ಸಿದ್ದು" ಎಂದು ತೋರಿಸುತ್ತಾಳೆ. ನೀನಿಲ್ಲದಿರುವಾಗಲೇ ನಿನಗೆ ಇಲ್ಲಿ ಮರ್ಯಾದೆ ಜಾಸ್ತಿ.

ಹೋದ ಸಲ ನೀನು ರಜೆಗೆ ಬಂದಾಗ ಅಮೃತಾ ನಿನ್ನ ಪಕ್ಕ ಮಲಗಲು ನಾಚಿಕೊಂಡು ಅಜ್ಜಿ ಹತ್ತಿರ ಹೋದಳು. ನೀನು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತದ್ದು ನನಗೆ ಕೇಳಿಸಿತ್ತು. ಒಳಗೆ ಬಂದು ಸಮಾಧಾನ ಹೇಳಲು ಗೊತ್ತಾಗದೆ ಟಿವಿ ಹಾಕಿಕೊಂಡು ಕೂತೆ. ಈಗ ಅವಳು ನಾಲ್ಕನೇ ಕ್ಲಾಸು. ಜಡೆ ತಾನೇ ಹಾಕಿಕೊಳ್ಳುತ್ತಾಳೆ, ಬೈತಲೆ ಮಾತ್ರ ಸೊಟ್ಟ.

ನಿನ್ನೆ ಅನುಶ್ರೀ ನಮ್ಮ ಮನೆಗೆ ಬಂದಿದ್ದಳು. "ರಂಜಿತಕ್ಕ ಇದ್ರೆ ಡ್ಯೂಟಿ ರೂಮಲ್ಲಿ ನಗೂನೇ ನಗು ಸಾರ್. ಡಾಕ್ಟ್ರುಗಳನ್ನೆಲ್ಲ ಏನ್ ಅಣಕ ಮಾಡ್ತಾರೆ ಅಂತೀರಿ" ಎಂದಳು. ನಾನು ಹೌದೌದು ಎಂದು ತಲೆಯಾಡಿಸಿದೆ. ನೀನು ಯಾರನ್ನಾದರೂ ಅಣಕ ಮಾಡಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ ರಂಜಿತಾ. ಹೊಟ್ಟೆಕಿಚ್ಚಾಯಿತು. ಆಮೇಲೆ ತುಂಬ ಬೇಸರವಾಯಿತು.

ಅದಕ್ಕೇ ಕೇಳುತ್ತಿದ್ದೇನೆ, ಮುನ್ನೂರು ಆಗುವುದು ಬೇಡ. ಇವತ್ತಿನ ರೇಟಿಗೇ ಬಾ. ಅಮ್ಮ ಕುಶಾಲನಗರದಲ್ಲಿ ನನ್ನ ತಮ್ಮನ ಮನೆಯಲ್ಲಿರಲಿ, ಇಲ್ಲವೇ ಈ ಮಹಡಿಯನ್ನು ಅವಳಿಗೇ ಬಿಟ್ಟು ನಾವು ಮೂವರೂ ಮಡಿಕೇರಿಯಲ್ಲಿ ಬಾಡಿಗೆಗಿರೋಣ. ಅಲ್ಲಿ ನಿನಗೆ ಯಾವುದಾದರೂ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತದೆ. ಸಂಬಳ ಕಮ್ಮಿ ಎಂದು ನಾನು ತುಟಿ ಬಿಚ್ಚುವುದಿಲ್ಲ.

ಇನ್ನೂ ನಿನ್ನವನೇ ಆದ,
ಮಂಜೇಶ್

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು: ನೀನೂ ಅನುಶ್ರೀಯೂ ಜೂನ್ ತಿಂಗಳಲ್ಲಿ ಒಂದೇ ದಿನ ಆಸ್ಪತ್ರೆಯಲ್ಲಿ ಇನ್ನೂ ಮೂರು ವರ್ಷದ ಕರಾರಿಗೆ ಸಹಿ ಹಾಕಿದಿರಂತೆ. ನನಗೆ ಗೊತ್ತಿದೆ ಎಂದುಕೊಂಡೇ ಅವಳು ಹೇಳಿದಳು, ಅವಳ ಮೇಲೆ ಸಿಟ್ಟಾಗಬೇಡ. ಹಾಗಾದರೆ ಜುಲೈಯಿಂದ ನಾವಿಬ್ಬರೂ ದಿನಾ ರೇಟ್ ನೋಡಿ, ಮುನ್ನೂರಾದರೆ ಟಿಕೆಟ್ ಮಾಡಿಸೋಣ ಎಂದು ಮಾತಾಡಿದ್ದು ಏನು? ಬರಲು ಮನಸ್ಸಿಲ್ಲ ಎಂದು ಹೇಳಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಅಮೃತಾಳಿಗೆ ಏನೂ ತಿಳಿಸಿಲ್ಲ. ಅವಳು ಬೆಳಿಗ್ಗೆ ದೇವರ ಮುಂದೆ ನಿಂತು, ರೂಪಾಯಿ ಬಿದ್ದುಹೋಗಲಿ ಎಂದು ಕೈ ಮುಗಿಯುತ್ತಾಳೆ. ಇವತ್ತು ಬಂದು "ಇನ್ನೆಂಟೇ ಅಪ್ಪಾ" ಎಂದಳು. ಮುನ್ನೂರಾದ ದಿನ ಅವಳಿಗೆ ನೀನೇ ಫೋನ್ ಮಾಡಿ ಹೇಳು. ನನ್ನ ಕೈಲಾಗುವುದಿಲ್ಲ.