ನಿನ್ನ ತೊಡೆಯ ಮೇಲಿದ್ದ ಕಾಲು

ಗೌರಿ,

ಇದನ್ನು ನಿನಗೆ ಕಳಿಸುವುದಿಲ್ಲ. ಬೆಳಿಗ್ಗೆ ನಿಮ್ಮಮ್ಮ ಫೋನಿನಲ್ಲಿ ನಿನ್ನ ವಿಡಿಯೊ ತೋರಿಸಿದಳು. ಯುದ್ಧದಲ್ಲಿ ಊರು ಕಳೆದುಕೊಂಡವರಿಗೆ ದೂರದೇಶದ ಟೆಂಟಿನಲ್ಲಿ ಪುಕ್ಕಟೆ ಔಷಧಿ ಕೊಡುವ ಡಾಕ್ಟರು ಎಂದು ನಮ್ಮ ಗುಬ್ಬಿ ಊರೆಲ್ಲ ನಿನ್ನನ್ನು ಹೊಗಳುತ್ತಿದೆ. ನನಗೆ ಕಂಡಿದ್ದು ನಿನ್ನ ತೊಡೆಯ ಮೇಲಿದ್ದ ಒಬ್ಬ ಮುದುಕಿಯ ಕಾಲು. ಗಾಯ ತೊಳೆದು ನೀನು ಉಫ್ ಎಂದು ಊದಿದೆ. ಡಾಕ್ಟರುಗಳು ಹಾಗೆ ಊದುವುದಿಲ್ಲ. ನಿನ್ನ ಮಂಡಿ ತರಚಿದಾಗ ಹಾಗೆ ಊದುತ್ತಿದ್ದವಳು ನಾನು.

“ಪಾಪ, ಅವ್ಳಿಗೆ ಯಾರೂ ಇಲ್ವಂತೆ ಕಣತ್ತೆ,” ಎಂದಳು ನಿಮ್ಮಮ್ಮ.

“ನನ್ ಮೊಮ್ಮಗಳು ಸಿಕ್ಕವ್ಳಲ್ಲ, ಇನ್ಯಾರ್ ಬೇಕಂತೆ?” ಎಂದೆ.

ಸಂಜೆ ನೀನೇ ಫೋನು ಮಾಡಿ, “ಕಾಲ್ನೋವು ಹೆಂಗಿದೆ ಅಜ್ಜಿ?” ಎಂದು ಕೇಳಿದೆ. “ಆ ಮುದ್ಕೀನೇ ಕೇಳ್ಕೊ ಹೋಗು,” ಎಂದು ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಟ್ಟೆ.

ಆ ಮುದುಕಿಯ ಗಾಯ ಬೇಗ ಒಣಗಲಿ. ಆಗಲಾದರೂ ನೀನು ಅವಳ ಕಾಲನ್ನು ಕೆಳಗಿಡುತ್ತೀಯ.